ಬರುವ ವಾರ ಎನ್ನುತ್ತಿದ್ದ ಫೋನಕ್ಕ

ಆ ಕಚೇರಿಯಲ್ಲಿ ಅವಳಿಗಿಂತ ಹಿರಿಯರೂ ಅವಳನ್ನು ಫೋನಕ್ಕ ಎಂದೇ ಕರೆಯುತ್ತಿದ್ದರು. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಗಿರಾಕಿಯೊಬ್ಬ ಯಜಮಾನರ ಜೊತೆ ಜಗಳಕ್ಕೆ ನಿಂತು, ‘ನಿಮ್ಮ ಹತ್ರ ಮಾತೇ ಬೇಡ, ಆ ಫೋನ್ ಅಕ್ಕನಿಗೆ ಕೊಡಿ’ ಎಂದಿದ್ದನಂತೆ. ಹೆಸರು ಅಲ್ಲಿಂದ ಅಂಟಿಕೊಂಡಿತು. ದನಿ ಏರಿಸದೆ, ಅವಸರ ಮಾಡದೆ, ಎದುರಿನವರ ಸಿಟ್ಟೆಲ್ಲ ಇಳಿಯುವವರೆಗೂ ಕಾದು ಆಮೇಲೆ ಮಾತಾಡುವುದು ಅವಳಿಗೆ ಯಾರೂ ಕಲಿಸಿದ್ದಲ್ಲ. ಎಷ್ಟೇ ಕೆರಳಿ ಫೋನ್ ಮಾಡಿದವರೂ ಕೊನೆಗೆ ‘ಆಯ್ತು ಬಿಡಿ, ನಿಮ್ಮನ್ನ ಅಂದು ಏನು ಪ್ರಯೋಜನ’ ಎನ್ನುವಲ್ಲಿಗೆ ಬಂದು ನಿಲ್ಲುತ್ತಿದ್ದರು.

ಕಚೇರಿ ಇದ್ದದ್ದು ಹಳೆಯ ಕಟ್ಟಡವೊಂದರ ಮೇಲಿನ ಅಂತಸ್ತಿನಲ್ಲಿ. ಮೊದಲು ಅದು ಹೊಲಿಗೆ ದಾರದ ಗೋದಾಮಾಗಿತ್ತು. ಎಷ್ಟು ಗುಡಿಸಿದರೂ ನೆಲದ ಬಿರುಕಿನಿಂದ ಕೆಂಪು, ಹಸಿರು ದಾರದ ಎಳೆಗಳು ಆಗೊಮ್ಮೆ ಈಗೊಮ್ಮೆ ಎದ್ದು ಬರುತ್ತಿದ್ದವು. ಈಗ ಅಲ್ಲಿ ಕಂಪ್ಯೂಟರ್ ಜೋಡಿಸುತ್ತಿದ್ದರು. ಮನೆಯಲ್ಲಿ ಕೂತು ಅರ್ಜಿ ಟೈಪ್ ಮಾಡುವಂಥವಲ್ಲ. ಸಿನಿಮಾ ಸಂಕಲನ ಮಾಡುವವರು, ಆಸ್ಪತ್ರೆಯ ಸ್ಕ್ಯಾನ್ ಚಿತ್ರ ನೋಡುವವರು, ಕಟ್ಟಡಗಳ ನಕ್ಷೆ ಬಿಡಿಸುವವರು ತಮಗೆ ಬೇಕಾದ ಹಾಗೆ ಹೇಳಿ ಮಾಡಿಸಿಕೊಳ್ಳುವ ದುಬಾರಿ ಡೆಸ್ಕ್‌ಟಾಪ್‌ಗಳು. ಒಂದೊಂದು ಕ್ಯಾಬಿನೆಟ್ಟೂ ಇಬ್ಬರು ಹಿಡಿದು ಎತ್ತುವಷ್ಟು ಭಾರ. ಜೋಡಿಸುವ ಕೆಲಸ ಒಬ್ಬ ಮೌನಿಯದು. ಕೈಗೆ ತೆಳು ಗವಸು ಹಾಕಿಕೊಂಡು, ಕಣ್ಣು ಕಿರಿದು ಮಾಡಿಕೊಂಡು ಮದರ್‌ಬೋರ್ಡಿನ ಮೇಲೆ ಬಗ್ಗಿ ನಿಲ್ಲುತ್ತಿದ್ದ ಅವನಿಗೆ ಎಲ್ಲರೂ ಡಾಕ್ಟರ್ ಎನ್ನುತ್ತಿದ್ದರು. ಅವನು ಮುಗಿಸಿಕೊಟ್ಟದ್ದನ್ನು ಥರ್ಮಾಕೋಲ್ ಇಟ್ಟು, ಪೆಟ್ಟಿಗೆ ಕಟ್ಟಿ, ಕಳಿಸುವವಳು ಟೇಪಮ್ಮ. ಟೇಪು ಎಳೆದಾಗ ಆಗುವ ಆ ಕರ್ಕಶ ಸದ್ದು ಫೋನಿನಲ್ಲಿದ್ದವರಿಗೂ ಕೇಳಿಸುತ್ತಿತ್ತು. ‘ಏನದು ಶಬ್ದ?’ ಎಂದು ಯಾರಾದರೂ ಕೇಳಿದರೆ ಫೋನಕ್ಕ, ‘ಯಾರದೋ ಕಂಪ್ಯೂಟರ್ ಹೊರಡ್ತಾ ಇದೆ ಸರ್’ ಎನ್ನುತ್ತಿದ್ದಳು. ಟೇಪಮ್ಮ ಅವಳ ಬೆನ್ನ ಹಿಂದೆಯೇ ಕೂರುತ್ತಿದ್ದಳು. ಇಬ್ಬರೂ ಒಂದೇ ಬೆಂಚಿನಲ್ಲಿ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದರು, ಒಬ್ಬರ ಮನೆಯ ಮಾವ, ಮಗಳು, ಅಳಿಯನ ವಿಷಯವೆಲ್ಲ ಇನ್ನೊಬ್ಬರಿಗೆ ಬಾಯಿಪಾಠವಾಗಿತ್ತು.

ಆ ಟೇಪಿನ ಸದ್ದು ಕಡಿಮೆಯಾಗುತ್ತ ಬಂದಾಗಲೇ ಏನೋ ಹದ ತಪ್ಪಿದೆ ಎಂದು ಗೊತ್ತಾದದ್ದು.

ಜಗತ್ತಿನಲ್ಲಿ ಚಿಪ್ ಮಾಡುವ ಕಾರ್ಖಾನೆಗಳು ಬೆರಳೆಣಿಕೆಯಷ್ಟು. ಜಗತ್ತನ್ನೇ ಮನೆಯೊಳಗೆ ಕೂರಿಸಿದ ಆ ಕಾಯಿಲೆಯ ಕಾಲದಲ್ಲಿ ಕೆಲವು ಬಾಗಿಲು ಹಾಕಿದವು. ಮತ್ತೆ ತೆರೆಯುವಷ್ಟರಲ್ಲಿ ಕಾರು ಮಾಡುವವರು, ಫೋನು ಮಾಡುವವರು, ಎಲ್ಲರೂ ಒಂದೇ ಸಲ ಬಾಗಿಲ ಮುಂದೆ ನಿಂತಿದ್ದರು. ದೊಡ್ಡವರು ಮೊದಲೇ ಬಂದು ಬಾಚಿಕೊಂಡರು. ಉಳಿದದ್ದು ಈ ದಾರದ ಗೋದಾಮಿನವರೆಗೆ ಬರಲೇ ಇಲ್ಲ. ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡೊಂದು ಇಲ್ಲದಿದ್ದರೆ ಆ ದೊಡ್ಡ ಡೆಸ್ಕ್‌ಟಾಪ್ ಅಲಂಕಾರದ ಪೆಟ್ಟಿಗೆ ಅಷ್ಟೇ. ಡಾಕ್ಟರ್ ಬೇರೆಲ್ಲವನ್ನೂ ಜೋಡಿಸಿ, ವೈರುಗಳನ್ನು ಅಂದವಾಗಿ ಹಿಂದಕ್ಕೆ ಕಟ್ಟಿ, ಕಾರ್ಡು ಕೂರಬೇಕಾದ ಜಾಗ ಮಾತ್ರ ಖಾಲಿ ಬಿಟ್ಟು ರ‍್ಯಾಕಿನಲ್ಲಿ ಸಾಲಾಗಿ ಇಡುತ್ತ ಹೋದ. ರ‍್ಯಾಕು ತುಂಬಿತು. ಆಮೇಲೆ ನೆಲ. ಆಮೇಲೆ ಶೌಚಾಲಯಕ್ಕೆ ಹೋಗುವ ಓಣಿ. ಅಡ್ಡಡ್ಡ ನಡೆದು ಹೋಗಬೇಕಾಗಿತ್ತು. ‘ನಾನು ಇನ್ನೊಂಚೂರು ದಪ್ಪ ಆದ್ರೆ ಮನೆಗೇ ಹೋಗಿ ಬರಬೇಕು’ ಎಂದು ಟೇಪಮ್ಮ ನಗಿಸುತ್ತಿದ್ದಳು.

ಯಜಮಾನರು ಫೋನಕ್ಕನಿಗೆ ಹೇಳಿಕೊಟ್ಟದ್ದು ಒಂದೇ ಮಾತು. ‘ಇಲ್ಲ ಅನ್ನಬೇಡ. ಗೊತ್ತಿಲ್ಲ ಅಂತೂ ಅನ್ನಲೇಬೇಡ. ಬರುವ ವಾರ ಅನ್ನು. ಕಾಯೋರು ಕಾಯ್ತಾರೆ. ಬಿಟ್ಟು ಹೋದೋರು ಮತ್ತೆ ಈ ಮೆಟ್ಟಿಲು ಹತ್ತಲ್ಲ.’

ಮೊದಮೊದಲು ಅದು ಸುಳ್ಳೂ ಆಗಿರಲಿಲ್ಲ. ಬರುವ ವಾರ ಬರುತ್ತದೆ ಎಂದು ಅವಳೂ ನಂಬಿದ್ದಳು. ಒಂದು ಸಲ ನಿಜಕ್ಕೂ ಎರಡು ಕಾರ್ಡು ಬಂದವು. ಅವು ಹೋದ ದಿನ ಟೇಪಮ್ಮ ಬೇಕೆಂದೇ ಟೇಪನ್ನು ಜೋರಾಗಿ ಎಳೆದಳು. ಆಮೇಲೆ ಏನೂ ಬರಲಿಲ್ಲ. ಮಾತು ಮಾತ್ರ ಹಾಗೇ ಉಳಿಯಿತು. ಯಾವ ದಿನ ಅದು ನಂಬಿಕೆಯಿಂದ ಸುಳ್ಳಾಯಿತು ಎಂದು ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಇಷ್ಟೇ: ‘ಬರುವ ವಾರ’ ಎನ್ನುವ ಮೊದಲು ಒಂದು ಸಲ ಉಗುಳು ನುಂಗುವ ಅಭ್ಯಾಸ ಶುರುವಾಗಿತ್ತು.

ಎಲ್ಲರಿಗಿಂತ ಹೆಚ್ಚು ಫೋನ್ ಮಾಡುತ್ತಿದ್ದವನು ಒಬ್ಬ ಚಿತ್ರ ಮಾಡುವವನು. ಇನ್ನೂ ಕಟ್ಟದ ಮನೆ ಕಟ್ಟಿದ ಮೇಲೆ ಹೇಗಿರುತ್ತದೆ, ಬೆಳಗಿನ ಬಿಸಿಲು ಯಾವ ಗೋಡೆಗೆ ಬೀಳುತ್ತದೆ, ಮಹಡಿಯಿಂದ ಇಣುಕಿದರೆ ಅಂಗಳ ಹೇಗೆ ಕಾಣುತ್ತದೆ ಎಂಬುದನ್ನೆಲ್ಲ ಕಂಪ್ಯೂಟರಿನಲ್ಲಿ ಸಿನಿಮಾದಂತೆ ತೋರಿಸುವುದು ಅವನ ಕಸುಬು. ದೊಡ್ಡ ಕಚೇರಿಯೊಂದರಲ್ಲಿ ವರ್ಷಗಟ್ಟಲೆ ದುಡಿದು, ಮೇಲಿನವನ ಜೊತೆ ಮಾತಿಗೆ ಮಾತು ಬೆಳೆದು, ರಾಜೀನಾಮೆ ಕೊಟ್ಟು ಹೊರಬಂದಿದ್ದ. ಸ್ವಂತಕ್ಕೆ ಮೊದಲ ಕೆಲಸವೂ ಸಿಕ್ಕಿತ್ತು. ಕಂಪ್ಯೂಟರ್ ಒಂದು ಬರಬೇಕಿತ್ತು.

ಅವನು ಸಿಟ್ಟಿನವನಲ್ಲ. ಅದೇ ತೊಂದರೆ. ಬೈಯುವವರಿಗೆ ಸುಳ್ಳು ಹೇಳುವುದು ಅಷ್ಟು ಕಷ್ಟವಲ್ಲ.

‘ಅಕ್ಕಾ, ನಾನೇ. ಇವತ್ತೇನಾದ್ರೂ ಸುದ್ದಿ?’

‘ಬರುವ ವಾರ ಒಂದು ಲಾಟ್ ಬರ್ತಾ ಇದೆ ಸರ್. ನಿಮ್ಮದನ್ನ ನಾನೇ ಖುದ್ದಾಗಿ ನೋಡ್ಕೊಳ್ತೀನಿ.’

‘ಗುರುವಾರದೊಳಗೆ ಆಗಬಹುದಾ?’

‘ಗುರುವಾರದ ಹೊತ್ತಿಗೆ ಆಗುತ್ತೆ ಸರ್.’

‘ಹಂಗಾದ್ರೆ ಅವರಿಗೆ ಧೈರ್ಯವಾಗಿ ಹೇಳ್ತೀನಿ. ಥ್ಯಾಂಕ್ಸ್ ಅಕ್ಕಾ.’

ಅವರಿಗೆ ಎಂದರೆ ಯಾರಿಗೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಗುರುವಾರ ಎನ್ನುವುದು ಕಷ್ಟವಾಗುತ್ತಿತ್ತು. ಆ ಗುರುವಾರ ಹೋಯಿತು, ಮತ್ತೊಂದು ಗುರುವಾರವೂ ಹೋಯಿತು.

ಅವಳ ಮನೆಯಲ್ಲಿ ಇದ್ದವರು ಮೂವರು: ಅವಳು, ಲಿಫ್ಟ್ ರಿಪೇರಿ ಮಾಡುವ ಗಂಡ, ಗಂಡನ ಅಪ್ಪ. ಮಾವನವರು ನಿವೃತ್ತಿಯಾಗುವವರೆಗೂ ರೈಲ್ವೆ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಗಾಡಿಗಳ ವೇಳೆ ಹೇಳುತ್ತಿದ್ದವರು. ಈಗಲೂ ಸ್ನಾನಕ್ಕೆ ನೀರು ಕಾದಿದೆ ಎನ್ನುವುದನ್ನೂ ನಿಲ್ದಾಣಕ್ಕೆಲ್ಲ ಕೇಳಿಸುವಂತೆ ಹೇಳುತ್ತಿದ್ದರು. ರಜೆಯ ದಿನವೂ ಕೆಲವು ಗಿರಾಕಿಗಳು ಅವಳ ಮೊಬೈಲಿಗೇ ಫೋನ್ ಮಾಡುವುದಿತ್ತು. ಒಂದು ಭಾನುವಾರ ಅವಳು ಒಂದು ಕೈಯಲ್ಲಿ ಒಲೆ ಸಣ್ಣ ಮಾಡುತ್ತ ಇನ್ನೊಂದರಲ್ಲಿ ಫೋನ್ ಹಿಡಿದು ‘ಬರುವ ವಾರ ಸರ್’ ಎಂದು ಮುಗಿಸಿದಾಗ, ಮಾವನವರು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು.

‘ಅಮ್ಮಾ, ಈ ವಾರ ಯಾವತ್ತು ಬರುತ್ತೆ?’

‘ಏನು ಮಾವ?’

‘ಹೋದ ತಿಂಗಳೂ ನೀನು ಇದನ್ನೇ ಹೇಳ್ತಿದ್ದೆ. ದನಿ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ನನ್ನ ಜಾಗದಲ್ಲಿ ಕೂತಿದ್ರೆ ಹೆಸರು ಮಾಡ್ತಿದ್ದೆ. ಆದ್ರೆ ನಾವು ಹೀಗೆ ಹೇಳ್ತಿರಲಿಲ್ಲ.’

‘ಮತ್ತೆ ಹೇಗೆ ಹೇಳ್ತಿದ್ರಿ?’

‘ಗಾಡಿ ಎಲ್ಲಿದೆ ಅಂತ ಗೊತ್ತಿದ್ರೆ ಹೇಳ್ತಿದ್ದೆ. ಗೊತ್ತಿಲ್ಲದಿದ್ರೆ, ಗಾಡಿಯ ಬಗ್ಗೆ ಮಾಹಿತಿ ಬಂದಿಲ್ಲ ಅಂತಿದ್ದೆ. ಜನ ಬೈಯ್ತಿದ್ರು. ಕಿಟಕಿ ಹತ್ರ ಬಂದು ಅಪ್ಪ ಅಮ್ಮನನ್ನೆಲ್ಲ ಸೇರಿಸಿ ಬೈಯ್ತಿದ್ರು. ಬೈದು, ಬಸ್ಸು ಹಿಡಿಯೋರು ಬಸ್ಸು ಹಿಡೀತಿದ್ರು, ಮನೆಗೆ ಹೋಗೋರು ಹೋಗ್ತಿದ್ರು. ಈಗ ಬರುತ್ತೆ ಈಗ ಬರುತ್ತೆ ಅಂತ ನಾನು ಅಂದಿದ್ರೆ, ಪಾಪ, ಬೆಂಚ್ ಮೇಲೇ ಕೂತಿರ್ತಿದ್ರು.’

‘ನಿಮ್ಮದು ಸರ್ಕಾರಿ ಕೆಲಸ ಮಾವ. ಬೈಸ್ಕೊಂಡ್ರೂ ನಡೀತಿತ್ತು’ ಎಂದು ಅವಳು ಒಲೆಯ ಕಡೆ ತಿರುಗಿದಳು. ಮಾತು ಒರಟಾಯಿತೇನೋ ಎಂದು ಆಮೇಲೆ ಅನ್ನಿಸಿತು. ಮಾವನವರು ಮಾತ್ರ ‘ಅದೂ ನಿಜ’ ಎಂದು ಒಪ್ಪಿಕೊಂಡು ಪತ್ರಿಕೆ ಹಿಡಿದು ಕೂತುಬಿಟ್ಟರು.

ಅದಾದ ಕೆಲವು ದಿನಗಳಿಗೆ ಚಿತ್ರದವನ ಫೋನು ನಿಂತುಹೋಯಿತು.

ಒಂದು ದಿನ ಬರದಿದ್ದಾಗ ಅವಳಿಗೆ ಹಾಯೆನಿಸಿತು. ಮರುದಿನವೂ ಬರಲಿಲ್ಲ. ‘ಒಂದು ತಲೆನೋವು ಕಳೀತು ಬಿಡು’ ಎಂದಳು ಟೇಪಮ್ಮ. ಫೋನಕ್ಕನಿಗೆ ಮಾತ್ರ ಬೆಳಗ್ಗೆ ಅವನು ಫೋನ್ ಮಾಡುವ ಹೊತ್ತಾಗುತ್ತಿದ್ದಂತೆ ಕೈ ತಾನಾಗಿ ರಿಸೀವರ್ ಕಡೆ ಹೋಗುತ್ತಿತ್ತು. ಕೊನೆಗೆ ಅವಳೇ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಸ್ವಿಚ್ ಆಫ್. ಮಾತಾಡಿದ ಕೊನೆಯ ದಿನ ಅವನ ದನಿ ಹೇಗಿತ್ತು ಎಂದು ನೆನಪಿಸಿಕೊಳ್ಳಲು ನೋಡಿದಳು. ‘ಸರಿ ಅಕ್ಕಾ’ ಎಂದಿದ್ದ. ಅಷ್ಟೇ. ಹಾಗಾದರೆ ಗುರುವಾರ ಎಂದಿರಲಿಲ್ಲ, ಥ್ಯಾಂಕ್ಸ್ ಎಂದಿರಲಿಲ್ಲ. ಏನೇನೋ ಕೆಟ್ಟ ಯೋಚನೆಗಳು ಬಂದವು. ಯಾವುದನ್ನೂ ಬಾಯಿ ಬಿಟ್ಟು ಹೇಳುವಂತಿರಲಿಲ್ಲ.

ವಿಳಾಸ ಹೇಗೂ ಇತ್ತು. ರಜೆಯ ದಿನ ಅಲ್ಲಿಗೆ ಹೋಗಿ ಬರುತ್ತೇನೆ ಎಂದಾಗ ಗಂಡ ಮುಖ ಸಿಂಡರಿಸಿದ.

‘ನಿಂಗ್ಯಾಕೆ ಊರ ಉಸಾಬರಿ? ಬಾಗಿಲು ತೆಗೆದು ಚೆನ್ನಾಗಿ ಉಗಿದು ಕಳಿಸ್ತಾರೆ.’

‘ಉಗೀಲಿ ರೀ. ಉಗಿಯೋಕೆ ಮನುಷ್ಯ ಇದ್ದಾನೆ ಅಂತಾದ್ರೂ ಗೊತ್ತಾಗುತ್ತೆ.’

ಯಾವ ಬಸ್ಸು ಹಿಡಿಯಬೇಕು, ಎಲ್ಲಿ ಇಳಿಯಬೇಕು ಎಂದು ಗಂಡ ಹೇಳಿದ.

ಅದು ಉದ್ದನೆಯ ವಠಾರದಂಥ ಕಟ್ಟಡ. ಮೆಟ್ಟಿಲ ಪಕ್ಕ ಸೈಕಲ್ಲುಗಳು, ಒಣಗಲು ಹಾಕಿದ ಬಟ್ಟೆಗಳು. ಬಾಗಿಲು ತೆರೆದವಳು ಅವನ ಹೆಂಡತಿ. ಕೈಯೆಲ್ಲ ಸೋಪಿನ ನೊರೆ. ಫೋನಕ್ಕ ‘ಸರ್ ಇದ್ದಾರಾ’ ಎಂದು ಕೇಳಿದ್ದೇ ತಡ, ಆ ಹೆಂಗಸಿನ ಮುಖ ಬಿಗಿಯಿತು.

‘ನೀವು ಕಂಪ್ಯೂಟರ್ ಅಂಗಡಿಯವರಲ್ವಾ? ದನಿ ಗೊತ್ತು ನಂಗೆ. ಇವರು ಸ್ಪೀಕರ್ ಹಾಕ್ಕೊಂಡೇ ಮಾತಾಡೋರು, ನಂಗೂ ಕೇಳಿಸಲಿ ಅಂತ.’

ಒಳಗೆ ಕರೆದಳು. ಅದು ಕರೆದದ್ದೋ, ಬಾಗಿಲಿನಿಂದ ಸರಿದು ನಿಂತದ್ದೋ ಹೇಳುವುದು ಕಷ್ಟ. ಮುಂದಿನ ಕೋಣೆಯ ಕಿಟಕಿಯ ಬಳಿ ಅಗಲವಾದ ಹೊಸ ಮೇಜು. ಅದರ ಮೇಲೆ ಎರಡು ದೊಡ್ಡ ಪರದೆಗಳು, ಧೂಳು ಬೀಳದಂತೆ ಹಳೆಯ ಬೆಡ್‌ಶೀಟು ಹೊದಿಸಿದ್ದರು. ಮೇಜಿನ ಕೆಳಗೆ ಕ್ಯಾಬಿನೆಟ್ ಇಡಲೆಂದು ಅಳತೆಗೆ ಸರಿಯಾಗಿ ಮಾಡಿಸಿದ ಕಟ್ಟಿಗೆಯ ಪೀಠ. ಅದರ ಮೇಲೆ ಈಗ ಈರುಳ್ಳಿ ಬುಟ್ಟಿ ಇತ್ತು.

‘ಇದ್ದಾರೆ. ಏನೂ ಆಗಿಲ್ಲ ಅವರಿಗೆ’ ಎಂದಳು ಹೆಂಡತಿ, ಫೋನಕ್ಕನ ಮುಖ ನೋಡಿ. ಆಮೇಲೆ ನೀರು ತಂದುಕೊಟ್ಟಳು. ‘ಕೆಲಸಕ್ಕೆ ಹೋಗಿದ್ದಾರೆ. ಅರ್ಧ ದಿನ. ಹಳೇ ಆಫೀಸಿಗೆ.’

ಫೋನಕ್ಕ ಲೋಟ ಹಿಡಿದು ಕೂತಳು. ತುಸು ಹೊತ್ತಿಗೆ ಅವನೇ ಬಂದ. ಅವಳು ಅಂದುಕೊಂಡಿದ್ದಕ್ಕಿಂತ ಕುಳ್ಳ, ಅಂದುಕೊಂಡಿದ್ದಕ್ಕಿಂತ ವಯಸ್ಸಾದವನು. ಅವಳು ಯಾರೆಂದು ಹೆಂಡತಿ ಹೇಳಿದಾಗ ಚಪ್ಪಲಿ ಬಿಡುತ್ತಿದ್ದವನು ಹಾಗೇ ನಿಂತ.

‘ಫೋನ್ ಆಫ್ ಇತ್ತು ಸರ್. ಅದಕ್ಕೆ ಬಂದೆ.’

‘ಕೆಲಸ ಕೊಟ್ಟೋರು ದಿನಾ ಮಾಡ್ತಿದ್ರು. ಏನು ಹೇಳೋದು ಅಂತ ತಿಳೀದೆ ಆಫ್ ಮಾಡಿಟ್ಟೆ.’ ಅವನು ಎದುರು ಕೂತ. ‘ನೀವು ಗುರುವಾರ ಅಂದ್ರೆ ನಾನೂ ಅವರಿಗೆ ಗುರುವಾರ ಅಂತಿದ್ದೆ. ನೀವು ಬರುವ ವಾರ ಅಂದ್ರೆ ನಾನೂ ಬರುವ ವಾರ ಅಂತಿದ್ದೆ. ಕೊನೆಗೆ ಅವರು ಹೇಳಿದ್ರು, ನಿಮ್ಮ ಮಾತಿಗೆ ಬೆಲೆ ಇಲ್ಲ ಅಂತ. ಬೇರೆಯವರಿಗೆ ಕೊಟ್ರು. ನಾನು ಹೋಗಿ ಹಳೇ ಸಾಹೇಬರ ಮುಂದೆ ನಿಂತೆ.’

‘ಸರ್, ಕಾರ್ಡು ಬಂದಿಲ್ಲ. ಯಾವಾಗ ಬರುತ್ತೆ ಅಂತ ನಂಗೆ ಗೊತ್ತಿಲ್ಲ.’

ಆ ಮಾತು ಅಷ್ಟು ಸಲೀಸಾಗಿ ಬಂತಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು.

‘ಗೊತ್ತಿಲ್ಲ ಅನ್ನೋದು ನಿಮಗೆ ಯಾವಾಗ ಗೊತ್ತಾಯ್ತು?’

‘ತುಂಬ ದಿನ ಆಯ್ತು.’

ಅವನು ಬೈಯಲಿಲ್ಲ. ಮೇಜಿನ ಕಡೆ ನೋಡಿದ. ‘ಅವತ್ತೇ ಹೇಳಿದ್ರೆ ನನ್ನ ಹಳೇ ಕಂಪ್ಯೂಟರ್‌ನಲ್ಲೇ ಹೆಂಗೋ ತಳ್ತಿದ್ದೆ ಅಕ್ಕಾ. ಇದು ಬರುತ್ತೆ ಅಂತ ಅದನ್ನ ಮಾರಿಬಿಟ್ಟೆ’ ಎಂದ. ಅಕ್ಕಾ ಎನ್ನುವುದನ್ನು ಅವನು ಬಿಟ್ಟಿರಲಿಲ್ಲ. ಅದು ಅವಳಿಗೆ ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು. ಆರ್ಡರ್ ರದ್ದು ಮಾಡಿ ಎಂದ. ನಾಳೆಯೇ ಮಾಡಿಸುತ್ತೇನೆ ಎಂದು ಅವಳು ಎದ್ದಳು.

ಮರುದಿನ ಅವಳು ಯಜಮಾನರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಅವರು ಕೆಟ್ಟವರಲ್ಲ. ಆ ತಿಂಗಳುಗಳಲ್ಲಿ ಅವರ ಕೂದಲು ಬಹಳ ಬೆಳ್ಳಗಾಗಿತ್ತು. ‘ನಾನು ಸುಮ್ನೆ ಕೂತಿದ್ದೀನಿ ಅಂದ್ಕೊಂಡ್ಯಾ? ಬಾ, ಕೇಳು’ ಎಂದು ಕಾರ್ಡು ಸರಬರಾಜು ಮಾಡುವ ಕಂಪನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

ಅತ್ತ ಕಡೆ ಒಬ್ಬ ಹೆಂಗಸು ಎತ್ತಿಕೊಂಡಳು. ಮೃದುವಾದ, ಅವಸರವಿಲ್ಲದ ದನಿ. ಯಜಮಾನರು ಕೂಗಾಡಿದರು. ಅವಳು ಕಾದಳು. ಅವರ ಉಸಿರು ಇಳಿದ ಮೇಲೆ ಹೇಳಿದಳು: ‘ನಿಮ್ಮ ಕಷ್ಟ ಅರ್ಥ ಆಗುತ್ತೆ ಸರ್. ಬರುವ ವಾರ ಒಂದು ಲಾಟ್ ಬರ್ತಾ ಇದೆ. ನಿಮ್ಮದನ್ನ ನಾನೇ ಖುದ್ದಾಗಿ ನೋಡ್ಕೊಳ್ತೀನಿ.’

ಮಾತು ಅಕ್ಷರ ಬಿಡದೆ ಫೋನಕ್ಕನದೇ. ‘ಬರುವ ವಾರ’ ಎನ್ನುವ ಮೊದಲು ಬಂದ ಆ ಸಣ್ಣ ತಡೆಯೂ ಅವಳದೇ.

ಯಜಮಾನರು ಫೋನ್ ಇಟ್ಟು, ‘ನೋಡಿದ್ಯಾ, ಬರುವ ವಾರವಂತೆ’ ಎಂದರು. ಅವರು ನಂಬಿದ್ದರೋ, ನಂಬಿದಂತೆ ಮಾಡುತ್ತಿದ್ದರೋ ಅವಳಿಗೆ ತಿಳಿಯಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದ ಮೇಲೆ ಅವಳು ಒಬ್ಬಳೇ ಕೂತು ಅದೇ ನಂಬರಿಗೆ ಫೋನ್ ಮಾಡಿದಳು.

‘ನಾನು ಕಂಪನಿಯ ಯಜಮಾನಿ ಅಲ್ಲ ಮೇಡಂ. ಇಲ್ಲಿ ಫೋನ್ ಎತ್ತೋಳು, ನಿಮ್ಮ ಥರಾನೇ.’

‘ಹೇಳಿ ಮೇಡಂ, ಏನು ಸಹಾಯ ಆಗಬೇಕು?’

‘ಬರುವ ವಾರ ಅನ್ನೋದನ್ನ ನಾನೂ ದಿನಾ ಹೇಳ್ತೀನಿ. ಅದು ಗಂಟಲಿಂದ ಹೇಗೆ ಹೊರಗೆ ಬರುತ್ತೆ ಅಂತ ಗೊತ್ತು. ನಿಮ್ಮಿಂದ ಕೇಳಿದೆ ಅಂತ ಯಾರ ಹತ್ರಾನೂ ಬಾಯಿ ಬಿಡಲ್ಲ. ನಿಜ ಹೇಳಿ. ಬರುತ್ತಾ?’

ಅತ್ತ ಕುರ್ಚಿ ಸರಿದ ಸದ್ದು, ಬಾಗಿಲು ಮುಚ್ಚಿದ ಸದ್ದು. ಮತ್ತೆ ಬಂದ ದನಿ ಬೇರೆಯೇ ಆಗಿತ್ತು, ಸಣ್ಣದು, ದಣಿದದ್ದು.

‘ನಿಮಗೂ ಬೈತಾರಾ?’

‘ಬೈಯೋರು ಬೈತಾರೆ. ಬೈಯದೇ ಇರೋರದ್ದೇ ಕಷ್ಟ.’

‘ಹೌದು.’ ಅವಳು ನಿಟ್ಟುಸಿರಿಟ್ಟಳು. ‘ಈ ವರ್ಷ ಕನಸಲ್ಲೂ ಬೇಡ ಮೇಡಂ. ಬರೋದು ಅಷ್ಟೋ ಇಷ್ಟೋ, ಅದೆಲ್ಲ ದೊಡ್ಡವರ ಪಾಲಿಗೆ ಆಗಲೇ ಹೋಗಿದೆ. ನಿಮ್ಮಂಥ ಸಣ್ಣವರ ಸರದಿ ಯಾವಾಗ ಅಂತ ಇಲ್ಲಿ ಯಾರೂ ಯೋಚನೆ ಕೂಡ ಮಾಡ್ತಿಲ್ಲ. ನಮಗೂ ಮೇಲಿನವರು ಬರುವ ವಾರ ಅಂತಲೇ ಹೇಳೋದು. ನಾವು ಕೇಳೋದನ್ನೇ ಬಿಟ್ಟಿದ್ದೀವಿ.’

ಫೋನ್ ಇಡಲು ಇಬ್ಬರಿಗೂ ಮನಸ್ಸಿರಲಿಲ್ಲ.

‘ಊಟ ಆಯ್ತಾ ನಿಮ್ದು?’ ಎಂದಳು ಆಕೆ.

‘ಇಲ್ಲ. ನಿಮ್ದು?’

‘ಇನ್ನೂ ಇಲ್ಲ. ಹೋಗಿ, ಊಟ ಮಾಡಿ.’

ಆಕೆಯ ಮುಖ ಹೇಗಿದೆ ಎಂದು ಫೋನಕ್ಕನಿಗೆ ಇಂದಿಗೂ ಗೊತ್ತಿಲ್ಲ.

ಸಂಜೆ ಅವಳು ಮತ್ತೆ ಯಜಮಾನರ ಮುಂದೆ ನಿಂತಳು. ‘ಈ ವರ್ಷ ಬರಲ್ಲ ಸರ್.’

‘ಯಾರು ಹೇಳಿದ್ದು?’

‘ಅದನ್ನ ಹೇಳಲ್ಲ.’

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಗೊತ್ತಿದ್ದೇ ಹೇಳಿಸ್ತಿದ್ದೀನಿ. ನೀನು ನಾಳೆ ಎಲ್ಲರಿಗೂ ನಿಜ ಹೇಳು, ನಾಡಿದ್ದು ಅರ್ಧ ಜನ ರದ್ದು ಮಾಡಿ ಮುಂಗಡ ವಾಪಸ್ ಕೇಳ್ತಾರೆ. ಆಮೇಲೆ ಈ ಬಾಗಿಲು ತೆರೆದಿಡೋದು ಹೇಗೆ? ಅದನ್ನೂ ನೀನೇ ಹೇಳಿಬಿಡು.’

‘ನಂಗೆ ಗೊತ್ತಿಲ್ಲ ಸರ್. ನನ್ನ ಬಾಯಲ್ಲಿ ಆ ಮಾತು ಇನ್ನು ಬರಲ್ಲ. ಬೇರೆ ಯಾರನ್ನಾದ್ರೂ ಕೂರಿಸಿ.’

ಯಜಮಾನರು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಕಿಟಕಿಯ ಹೊರಗೆ ನೋಡುತ್ತ ಕೂತರು. ಅವಳು ಅದನ್ನೇ ಒಪ್ಪಿಗೆ ಎಂದುಕೊಂಡಳು. ಒಪ್ಪಿಗೆ ಅಲ್ಲ ಎಂದು ಒಳಗೊಳಗೆ ಗೊತ್ತಿತ್ತು.

ಮರುದಿನ ಬೆಳಗ್ಗೆಯಿಂದ ಕಾಯುತ್ತಿದ್ದ ಒಬ್ಬೊಬ್ಬರಿಗೂ ತಾನಾಗಿ ಫೋನ್ ಮಾಡಿದಳು. ‘ಕಾರ್ಡು ಬಂದಿಲ್ಲ, ಯಾವಾಗ ಬರುತ್ತೋ ಗೊತ್ತಿಲ್ಲ, ಈ ವರ್ಷ ಅಂತೂ ನಂಬ್ಕೊಂಡು ಕೂರಬೇಡಿ. ನಾನು ಇಷ್ಟು ದಿನ ಹೇಳಿದ್ದು ತಪ್ಪು.’ ಸಿನಿಮಾ ಸಂಕಲನದವನು ಬಾಯಿಗೆ ಬಂದಂತೆ ಅಂದ. ಸ್ಕ್ಯಾನ್ ನೋಡುವ ಡಾಕ್ಟರಮ್ಮ ಏನೂ ಹೇಳದೆ ಇಟ್ಟುಬಿಟ್ಟರು, ಸ್ವಲ್ಪ ಹೊತ್ತಿಗೆ ಅವರ ಸಹಾಯಕಿ ಫೋನ್ ಮಾಡಿ ರದ್ದು ಮಾಡಿಸಿದಳು. ಒಬ್ಬ ಮುದುಕರು, ‘ನಮ್ಮ ಹಳೇದು ಮಿಕ್ಸಿ ಥರ ಸದ್ದು ಮಾಡುತ್ತಮ್ಮಾ, ಆದ್ರೂ ಓಡ್ತಾ ಇದೆ, ನಾನು ಕಾಯ್ತೀನಿ’ ಎಂದರು. ಮುದುಕರ ಥರ ಇನ್ನೂ ಕೆಲವರು ಕಾಯುತ್ತೇವೆ ಎಂದರು. ಅರ್ಧಕ್ಕಿಂತ ಹೆಚ್ಚು ಜನ ಬಿಟ್ಟುಹೋದರು.

ಬೆನ್ನ ಹಿಂದೆ ಟೇಪಮ್ಮ ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಕೂತಿದ್ದಳು. ಕಟ್ಟಲು ಪೆಟ್ಟಿಗೆಗಳಿರಲಿಲ್ಲ. ಟೇಪಿನ ಉರುಳೆಗಳನ್ನು ಒಂದರ ಮೇಲೊಂದು ಜೋಡಿಸಿ, ಮತ್ತೆ ಕೆಡವಿ, ಮತ್ತೆ ಜೋಡಿಸುತ್ತಿದ್ದಳು. ಊಟದ ಹೊತ್ತಿನಲ್ಲೂ ಏನೂ ಕೇಳಲಿಲ್ಲ. ಫೋನಕ್ಕನೂ ಹೇಳಲಿಲ್ಲ.

ಆ ತಿಂಗಳು ಮುಗಿಯುವುದರೊಳಗೆ ಯಜಮಾನರು ಎಲ್ಲರನ್ನೂ ಕರೆದರು. ಪ್ಯಾಕಿಂಗ್ ವಿಭಾಗ ಸದ್ಯಕ್ಕೆ ಬೇಡ, ಡಾಕ್ಟರ್ ಅರ್ಧ ದಿನ ಬಂದರೆ ಸಾಕು ಎಂದರು. ‘ಫೋನಕ್ಕ ನಿಜ ಹೇಳಿದಳು. ನನಗೆ ಅವಳ ಮೇಲೆ ಸಿಟ್ಟಿಲ್ಲ. ಆದ್ರೆ ಇದು ಆಗಿದ್ದು ಅದರಿಂದಲೇ’ ಎಂದರು. ಸಿಟ್ಟಿಲ್ಲ ಎಂದು ಅವರು ಹೇಳಿದ ರೀತಿಯಲ್ಲೇ ಎಲ್ಲರ ಕಣ್ಣೂ ಅವಳ ಕಡೆ ತಿರುಗಿತು. ಟೇಪಮ್ಮ ಮಾತ್ರ ತಿರುಗಿ ನೋಡಲಿಲ್ಲ. ತನ್ನ ಕತ್ತರಿ, ಊಟದ ಡಬ್ಬಿ, ಕುರ್ಚಿಯ ಮೇಲೆ ಹಾಕಿಕೊಳ್ಳುತ್ತಿದ್ದ ದಿಂಬು ತೆಗೆದುಕೊಂಡು, ಓಣಿಯಲ್ಲಿ ಸಾಲಾಗಿ ನಿಂತ ಕ್ಯಾಬಿನೆಟ್‌ಗಳ ನಡುವೆ ಅಡ್ಡಡ್ಡ ನಡೆದು ಹೋದಳು.

ಮನೆಯಲ್ಲಿ ಅವಳು ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇದ್ದಾಗ ಗಂಡ ಹೇಳಿದ, ‘ನೀನು ಮಾಡಿದ್ದು ಸರೀನೋ ತಪ್ಪೋ ನಂಗೆ ತಿಳೀತಿಲ್ಲ ಕಣೇ.’

‘ನಂಗೂ ತಿಳೀತಿಲ್ಲ.’

ಮಾವನವರ ಕಡೆ ನೋಡಿದಳು. ಯಾವುದಕ್ಕೂ ಒಂದು ಮಾತು ಹೇಳುವ ಅವರು ಅವತ್ತು ತಟ್ಟೆಯಿಂದ ತಲೆ ಎತ್ತಲಿಲ್ಲ.

ಆ ವರ್ಷವೆಲ್ಲ ಕಚೇರಿ ಹಳೆಯ ಕಂಪ್ಯೂಟರುಗಳ ರಿಪೇರಿಯಿಂದ ಹೇಗೋ ಉಸಿರಾಡಿತು. ಫೋನು ಅಪರೂಪವಾಯಿತು. ಅವಳು ರ‍್ಯಾಕುಗಳ ಧೂಳು ಒರೆಸುವುದನ್ನೂ ಮಾಡುತ್ತಿದ್ದಳು. ಕಾರ್ಡಿನ ಜಾಗ ಖಾಲಿಯಿದ್ದ ಕ್ಯಾಬಿನೆಟ್‌ಗಳೊಳಗೆ ಜೇಡ ಬಲೆ ಕಟ್ಟಿತ್ತು. ಡಾಕ್ಟರ್ ಬರುವ ಅರ್ಧ ದಿನದಲ್ಲಿ ಅವುಗಳನ್ನು ಕುಂಚದಿಂದ ಬಿಡಿಸುತ್ತಿದ್ದ. ಒಮ್ಮೆ ಅವನು ಕುಂಚ ನಿಲ್ಲಿಸಿ, ‘ನೀವು ಹೇಳಿದ್ದು ಒಳ್ಳೇದಾಯ್ತು ಅಕ್ಕ. ಜೋಡಿಸಿ ಜೋಡಿಸಿ ಇಡೋದು ನಂಗೂ ಹಿಂಸೆ ಆಗ್ತಿತ್ತು’ ಎಂದ. ಅವಳಿಗೆ ಸಮಾಧಾನವಾಗಬೇಕಿತ್ತು. ಅವನ ಸವೆದ ಚಪ್ಪಲಿ ಕಣ್ಣಿಗೆ ಬಿತ್ತು, ಆಗಲಿಲ್ಲ.

ಕಾರ್ಡುಗಳು ಬಂದವು. ಮರುವರ್ಷ, ಯಾರೂ ಕಾಯುವುದನ್ನು ಬಿಟ್ಟಿದ್ದ ಹೊತ್ತಿನಲ್ಲಿ, ಒಂದರ ಹಿಂದೆ ಒಂದು ಪೆಟ್ಟಿಗೆ ಬಂದು ಬಿದ್ದವು. ಮಿಕ್ಸಿ ಸದ್ದಿನ ಮುದುಕರಿಗೆ ಮೊದಲ ಡೆಸ್ಕ್‌ಟಾಪ್ ಹೋಯಿತು. ಡಾಕ್ಟರ್ ಪೂರ್ತಿ ದಿನ ಬರತೊಡಗಿದ. ಫೋನಕ್ಕ ಚಿತ್ರದವನಿಗೂ ಫೋನ್ ಮಾಡಿದಳು.

‘ಬೇಡ ಅಕ್ಕಾ. ಇಲ್ಲೇ ಹೊಂದ್ಕೊಂಡಿದ್ದೀನಿ. ಮೊದಲಿನಷ್ಟು ಕಷ್ಟ ಇಲ್ಲ, ಸಾಹೇಬರೂ ಸ್ವಲ್ಪ ಮೆತ್ತಗಾಗಿದ್ದಾರೆ’ ಎಂದ. ಮೇಜು ಏನಾಯಿತು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಅವನೇ, ‘ಕಾರ್ಡು ಬಂತಲ್ಲ, ನಿಮಗೆ ಒಳ್ಳೇದಾಗಲಿ’ ಎಂದು ಇಟ್ಟ.

ಟೇಪಮ್ಮನನ್ನು ಮತ್ತೆ ಕರೆ ಎಂದು ಯಜಮಾನರು ಹೇಳಿದಾಗ ಫೋನಕ್ಕ ಫೋನ್ ಮಾಡಲಿಲ್ಲ, ಹೋದಳು. ಟೇಪಮ್ಮ ಈಗ ಔಷಧಿ ಮಾತ್ರೆಗಳನ್ನು ಡಬ್ಬಿಗೆ ತುಂಬುವ ಕಡೆ ಕೆಲಸಕ್ಕಿದ್ದಳು. ಸಂಜೆ ಪಾಳಿ ಬಿಡುವ ಹೊತ್ತಿಗೆ ಗೇಟಿನ ಹೊರಗೆ ಇಬ್ಬರೂ ಎದುರಾದರು. ವಿಷಯ ಕೇಳಿ ಟೇಪಮ್ಮ ತಲೆಯ ಮೇಲಿದ್ದ ಪ್ಲಾಸ್ಟಿಕ್ ಟೋಪಿ ತೆಗೆದು ಮಡಿಚಿದಳು.

‘ಒಂದು ಕೇಳಲಾ? ಅವತ್ತು ಗಿರಾಕಿಗಳಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ ನಿಜ ಹೇಳಿದ್ಯಲ್ಲ. ನಾನು ನಿನ್ನ ಬೆನ್ನ ಹಿಂದೇನೇ ಕೂತಿದ್ದೆ. ನಮ್ಮ ಕೆಲಸಕ್ಕೆ ಸಂಚಕಾರ ಬರುತ್ತೆ ಅಂತ ನಿಂಗೆ ಗೊತ್ತಿತ್ತಲ್ವಾ?’

‘ಸರ್ ಹೇಳಿದ್ರು. ಗೊತ್ತಿತ್ತು.’

‘ನಂಗ್ಯಾಕೆ ಹೇಳಲಿಲ್ಲ? ಬೇಡ ಅಂತ ನಾನು ನಿನ್ನ ಕೈ ಹಿಡೀತಿರಲಿಲ್ಲ. ಆದ್ರೆ ತಿಂಗಳ ಮೊದಲೇ ಬೇರೆ ಕಡೆ ನೋಡ್ಕೊಳ್ತಿದ್ದೆ. ಮೂರು ತಿಂಗಳು ಮನೇಲಿ ಕೂತೆ ಕಣೇ. ಮಗಳ ಮುಂದೆ, ಅಳಿಯನ ಮುಂದೆ.’

ಫೋನಕ್ಕ ಹೇಳಬೇಕೆಂದುಕೊಂಡಿದ್ದಳು, ಊಟದ ಬೆಂಚಿನ ಮೇಲೆ ದಿನಾ ಅಂದುಕೊಂಡಿದ್ದಳು. ಗೆಳತಿಯ ಮುಖ ನೋಡಿ ಹೇಳುವ ಧೈರ್ಯವಾಗಲಿಲ್ಲ. ಫೋನಿನಲ್ಲಿ ಮುಖ ಕಾಣುವುದಿಲ್ಲ.

‘ತಪ್ಪಾಯ್ತು’ ಎಂದಳು.

ಟೇಪಮ್ಮ ಅವಳ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟು ತೆಗೆದಳು. ‘ಅಲ್ಲಿಗೆ ಬರಲ್ಲ. ಇಲ್ಲಿ ಅಭ್ಯಾಸ ಆಗಿದೆ. ಯಾವತ್ತಾದ್ರೂ ಮನೆಗೆ ಬಾ’ ಎಂದು ಬಸ್ಸಿನ ಕಡೆ ನಡೆದಳು.

ಎರಡು ಮೂರು ಸಲ ಫೋನಕ್ಕ ಹೋದಳು. ಟೇಪಮ್ಮನೂ ಒಮ್ಮೆ ಬಂದಳು. ಮಾತು ನಡೆಯುತ್ತದೆ, ನಗುವೂ ಬರುತ್ತದೆ. ಮೊದಲಿನ ಹಾಗೆ ಹೊಟ್ಟೆಯೊಳಗಿನದನ್ನೆಲ್ಲ ಬಿಚ್ಚಿಟ್ಟುಕೊಳ್ಳುವುದು ಮಾತ್ರ ಆಗಲಿಲ್ಲ.

ಪ್ಯಾಕಿಂಗಿಗೆ ಹೊಸಬಳೊಬ್ಬಳು ಸೇರಿದಳು, ಗಟ್ಟಿಮುಟ್ಟಾದ, ಕಡಿಮೆ ಮಾತಿನ ಹೆಂಗಸು. ಮೊದಲ ದಿನವೇ ಫೋನಕ್ಕ ಅವಳನ್ನು ಬೆಂಚಿನ ಮೇಲೆ ಕೂರಿಸಿಕೊಂಡು, ಈಗ ಎಷ್ಟು ಆರ್ಡರ್ ಇದೆ, ಅದು ಎಲ್ಲಿಯವರೆಗೆ ಸಾಕಾಗುತ್ತದೆ, ಆಮೇಲಿನದು ಯಜಮಾನರಿಗೂ ಗೊತ್ತಿಲ್ಲ ಎಂಬುದನ್ನೆಲ್ಲ ಮುಖ ನೋಡಿಯೇ ಹೇಳಿದಳು. ಹೊಸಬಳು ಕೇಳಿಸಿಕೊಂಡಳು. ಮುಖ ತುಸು ಸಪ್ಪಗಾಯಿತು. ಆಮೇಲೆ, ‘ಊಟದ ಡಬ್ಬಿ ಎಲ್ಲಿಡಬೇಕು ಅಕ್ಕ?’ ಎಂದು ಕೇಳಿದಳು.